ಓಲೆಯ ನೆರಳು

ಓರೆಹಲ್ಲಿಗೆ ತಂತಿ ಕಟ್ಟಿಸಿದರೆ ಮುಗಿಯಿತು ಎಂದುಕೊಂಡು ಉಷಾರಾಣಿ ಮಗಳು ನಂದಿತಾಳನ್ನು ಮತ್ತಿಗಿರಿಯಿಂದ ಹೊಸೂರಿಗೆ ಕರೆತಂದಿದ್ದಳು. ಮೊದಲು ದವಡೆಯ ಪೂರ್ತಿ ಎಕ್ಸ್‌ರೇ ಬೇಕು ಎಂದರು ಹಲ್ಲಿನ ಡಾಕ್ಟರು. ಒಳಗೆ ಯಾವ ಹಲ್ಲು ಎಲ್ಲಿ ಅಡಗಿದೆಯೋ ತಿಳಿಯದೆ ಹೊರಗಿನದನ್ನು ಎಳೆಯಬಾರದಂತೆ.

ಓಲೆ ಬಿಚ್ಚಿಸಿ ಎಂದಳು ಎಕ್ಸ್‌ರೇ ಕೋಣೆಯ ಹುಡುಗಿ. ಹೆಣ್ಣುಮಗುವಿನ ಕಿವಿ ಬರಿದಾಗಬಾರದು ಎಂಬುದು ಅತ್ತೆ ಬೈರಮ್ಮನ ಕಟ್ಟಪ್ಪಣೆ. ಹಲ್ಲಿಗೂ ಕಿವಿಗೂ ಏನು ಸಂಬಂಧ ಎಂದುಕೊಂಡ ಉಷಾರಾಣಿ, ಆ ಹುಡುಗಿ ಅತ್ತ ತಿರುಗಿದಾಗ, ಮಗಳ ಕೂದಲನ್ನು ಓಲೆಯ ಮೇಲೆ ಇಳಿಬಿಟ್ಟಳು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಅದುವರೆಗೆ ನಂದಿತಾಳನ್ನು ಮೊಲದ ಮರಿ ಎಂದು ರೇಗಿಸುತ್ತಿದ್ದವರು ಫಿಲ್ಮನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಓಲೆಗಳ ಬಿಳಿ ನೆರಳು ಮೇಲ್ದವಡೆಗೆಲ್ಲ ಬಳಿದುಕೊಂಡಿತ್ತು. ಅದರ ಮರೆಯಲ್ಲಿ, ಕೋರೆಹಲ್ಲು ಹುಟ್ಟಬೇಕಾದ ಕಡೆ, ಏನೋ ಕಪ್ಪು. ಓಲೆ ಬಿಚ್ಚಿ ಇನ್ನೊಮ್ಮೆ ತೆಗೆಸಿ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ನಾಳೆ ಬನ್ನಿ ಎಂದರು.

ಅದೂ ಓಲೆಯದೇ ನೆರಳು ಎಂದು ಉಷಾರಾಣಿ ಬಸ್ಸಿನಲ್ಲಿ ಹೇಳಿಕೊಂಡಳು. ಮುದ್ದೆ ತಿರುವುವಾಗಲೂ ಹೇಳಿಕೊಂಡಳು.

ಬೆಳಿಗ್ಗೆ ಬೈರಮ್ಮ ಗೊಣಗುತ್ತಲೇ ಬೇವಿನ ಕಡ್ಡಿ ಮುರಿದು ತಂದಳು. ಓಲೆ ಬಿಚ್ಚಿ, ಅದರ ಬದಲು ಮೊಮ್ಮಗಳ ಕಿವಿಗೆ ಕಡ್ಡಿ ಸಿಕ್ಕಿಸುತ್ತಿದ್ದ ಕೈ ಕೆನ್ನೆಯ ಮೇಲೆ ನಿಂತಿತು.

"ಇದ್ಯಾಕಮ್ಮಿ ಈ ಕಡೆ ಊದೈತೆ?"

"ಮಲಗಿದ್ದ ಮಗ್ಗುಲು ಅತ್ತೆ," ಎಂದು ಉಷಾರಾಣಿ ಓಲೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮಗಳು ಮಲಗುವುದು ಇನ್ನೊಂದು ಮಗ್ಗುಲಿಗೆ.

ಎರಡನೆಯ ಫಿಲ್ಮಿನಲ್ಲಿ ಬಿಳಿ ನೆರಳು ಇರಲಿಲ್ಲ. ಕಪ್ಪು ಇತ್ತು. ಗುಂಡಗೆ, ಅಂಚಿಗೆ ಗೆರೆ ಎಳೆದ ಹಾಗೆ, ಮೂಗಿನ ಬುಡದವರೆಗೆ. ಹುಟ್ಟದ ಕೋರೆಹಲ್ಲು ಅದರೊಳಗೆ ಅಡ್ಡ ಮಲಗಿತ್ತು.

ಡಾಕ್ಟರು ತಂತಿಯ ಮಾತೆತ್ತಲಿಲ್ಲ. ಹಲ್ಲಿನ ಸುತ್ತ ಗಂಟು ಬೆಳೆದಿದೆ, ಮೂಳೆ ಸವೆಯುತ್ತಿದೆ, ದೊಡ್ಡಾಸ್ಪತ್ರೆಯಲ್ಲಿ ತೆಗೆಸಿ ಪರೀಕ್ಷೆಗೆ ಕಳಿಸಬೇಕು, ಎಂಥ ಗಂಟೆಂದು ಆಮೇಲೆಯೇ ಗೊತ್ತಾಗುವುದು ಎಂದರು. ಗಂಡ ಫ್ಯಾಕ್ಟರಿಯಲ್ಲಿದ್ದಾನೆ, ಶಿಫ್ಟ್ ಮುಗಿಸಿ ಬಂದ ಮೇಲೆ ಹೇಳುತ್ತೇನೆ ಎಂದಳು ಉಷಾರಾಣಿ.

"ಅವಳ ಅಪ್ಪಂಗೆ ಈಗ್ಲೇ ಫೋನ್ ಮಾಡಿ ಅಮ್ಮಾ. ಶಿಫ್ಟ್ ಮುಗಿಯೋವರ್ಗೂ ಕಾಯ್ಬೇಡಿ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ನಂದಿತಾ ಕಡ್ಡಿಗಳನ್ನು ಕಿತ್ತು ಕೈಯೊಡ್ಡಿದಳು. "ಫೋಟೋ ಆಯ್ತಲ್ಲಮ್ಮ, ಓಲೆ ಕೊಡು."

ಉಷಾರಾಣಿಯ ಕೈ ಸೆರಗಿನ ಗಂಟಿನವರೆಗೆ ಹೋಗಿ ನಿಂತಿತು. ಮಗಳ ಅಂಗೈಯಿಂದ ಕಡ್ಡಿಗಳನ್ನೇ ಎತ್ತಿಕೊಂಡು, ಒಂದೊಂದಾಗಿ, ನೋವಾಗದಂತೆ ಕಿವಿಗೆ ಮತ್ತೆ ಸಿಕ್ಕಿಸಿದಳು.

"ಇವೇ ಇರ್ಲಿ ಕಣವ್ವ. ಮತ್ತೆ ಬಿಚ್ಬೇಕಾಯ್ತದೆ."