ಮುಚ್ಚಿದ ಪೋರ್ಟು

"ರಿಂಗ್ ಆಗ್ತೈತಿ ನೋಡ್ರಿ, ಎತ್ತಿದ ಕೂಡ್ಲೇ ಕನೆಕ್ಟಿಂಗ್ ಅಂತ ನಿಂತ್ ಬಿಡ್ತೈತಿ," ಎಂದು ವಾಣಿಶ್ರೀ ಫೋನನ್ನು ಗಂಡನ ಕಡೆ ಚಾಚಿದಳು. "ಅಪ್ಪನ್ನ ಕೂಡ್ಸ್ಯಾರಂತ. ಮುಖ ತೋರಿಸ್ತೀನಿ ಅಂತ ಅಣ್ಣ ಮೆಸೇಜ್ ಹಾಕ್ಯಾನ. ಹೆಂಗರ ಮಾಡ್ರಿ."

ಮಾವನ ಮಣ್ಣಿಗೆಂದು ಕೊಟ್ಟೂರಿಗೆ ಹೊರಟು ನಿಂತಿದ್ದ ಪ್ರವೀಣಕುಮಾರನಿಗೆ ಕಾಲು ಕೀಳಲಾಗಲಿಲ್ಲ. ಅವಳು ಹಸಿ ಬಾಣಂತಿ, ಸಾವಿನ ಮನೆಗೆ ಹೋಗುವಂತಿಲ್ಲ. ತಂಬ್ರಹಳ್ಳಿಯ ಈ ಮನೆಯ ಹೊಸ್ತಿಲನ್ನೂ ದಾಟುವಂತಿಲ್ಲ. ಕಲ್ಲುಗೋಡೆಯ ಕೋಣೆಯೊಳಗೆ ಟವರ್ ಸಿಗುವುದಿಲ್ಲ. ಉಳಿದದ್ದು ಮನೆಯ ವೈಫೈ ಒಂದೇ. ಆ ದಾರಿಯನ್ನು ಮುಚ್ಚಿದವನು ಅವನೇ.

ಮಾವ ಉಜ್ಜಿನಪ್ಪನಿಗೆ ಲಕ್ವ ಹೊಡೆದು ಮಾತು ಹೋಗಿತ್ತು. ಅದಕ್ಕೇ ಹೆರಿಗೆಯೂ ತವರಲ್ಲಿ ಆಗಲಿಲ್ಲ. ದಿನಾ ಸಂಜೆ ವಿಡಿಯೋ ಕಾಲಿನಲ್ಲಿ ಅವನು ಮಗಳನ್ನೂ ಕೂಸನ್ನೂ ಸುಮ್ಮನೆ ನೋಡುತ್ತಿದ್ದ. ಆಮೇಲೆ ಇವಳು ಅತ್ತು ಅತ್ತು ಊಟ ಬಿಡುತ್ತಿದ್ದಳು. "ಉಣ್ಣಾಕ ಒಲ್ಲೆ ಅಂತಾಳ, ಕಣ್ಣೀರು ಕುಡ್ಯಾಕ ಮುಂದು! ಕೂಸಿಗೆ ಹಾಲೆಲ್ಲಿಂದ ಬರಬೇಕಲೇ?" ಎಂದು ಪ್ರವೀಣನ ಅವ್ವ ದಾಕ್ಷಾಯಣಮ್ಮ ಒಂದೇ ಸಮ ಚುಚ್ಚಿದಳು. ಪ್ರವೀಣ ಯೂಟ್ಯೂಬ್ ನೋಡಿ ಕಲಿತು, ರೂಟರಿನಲ್ಲಿ ವಿಡಿಯೋ ಕಾಲು ಹಾಯುವ ಪೋರ್ಟು ಎಂಬ ಕಿಂಡಿಗಳನ್ನಷ್ಟೇ ಹುಡುಕಿ ಬಂದ್ ಮಾಡಿದ. ಮೆಸೇಜು ಬರುತ್ತಿತ್ತು, ಫೋಟೊ ಬರುತ್ತಿತ್ತು, ಕಾಲ್ ಮಾತ್ರ ಹತ್ತುತ್ತಿರಲಿಲ್ಲ. ಒಂಥರಾ ಹೆಮ್ಮೆಯೂ ಆಗಿತ್ತು ಅವನಿಗೆ. "ನೆಟ್ ಸರಿ ಇಲ್ಲ ಬಿಡು," ಅಂದಿದ್ದ. ಕೂಸಿಗೆ ಹೆಸರಿಡುವ ತನಕ ಅಷ್ಟೇ, ಆಮೇಲೆ ತೆಗೆದರಾಯಿತು ಅಂದುಕೊಂಡಿದ್ದ.

ಬಾಗಿಲಲ್ಲಿ ನಿಂತ ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪ್ರವೀಣ, ಅದೇನೋ ಬಂದ್ ಮಾಡಿದ್ದಿಯಲ್ಲ, ಮೊದ್ಲು ತಗಿಯಪ್ಪಾ. ಪಾಪ, ಮುಖನಾರ ನೋಡ್ಲಿ."

ವಾಣಿಶ್ರೀ ತಿರುಗಿದಳು. "ಏನ್ ಬಂದ್ ಮಾಡಿದ್ರಿ?"

ಅವನು ತನ್ನ ಫೋನಿನಲ್ಲಿ ರೂಟರಿನ ಪುಟ ತೆರೆದ. ಪಾಸ್‌ವರ್ಡ್ ತಪ್ಪಿತು. ಮತ್ತೆ ಹಾಕಿದ. ತಾನೇ ಬರೆದ ತಡೆಯ ಸಾಲುಗಳನ್ನು ಒಂದೊಂದಾಗಿ ಅಳಿಸಿದ. ಅವಳು ಅವನ ಬೆರಳನ್ನೇ ನೋಡುತ್ತಿದ್ದಳು.

"ಇಷ್ಟ್ ದಿನ... ನೀವೇನ್ರಿ?"

"ಹಂಗಲ್ಲ ವಾಣಿ, ನೀ ಅಳ್ತಿದ್ದಿ ಅಂತ..."

ಅಷ್ಟರಲ್ಲಿ ಕಾಲ್ ಬಂತು. ಕೂಡಲೇ ಹತ್ತಿತು. ಅಣ್ಣ ಗವಿಸಿದ್ದೇಶನ ಧ್ವನಿ ಒಡೆದಿತ್ತು. "ಇವತ್ತರ ಹತ್ತಿತಲ್ಲವಾ ನಿಮ್ ನೆಟ್ಟು! ಅಪ್ಪ ದಿನಾ ಸಂಜಿ ಫೋನ್ ಕಡಿ ಕೈ ತೋರಿಸ್ತಿದ್ದ. ನೆಟ್ ಇಲ್ಲಪ್ಪೋ ಅಂದ್ರ ನನ್ ಮ್ಯಾಲೆ ಸಿಟ್ಟಾಗತಿದ್ದ. ನಿನ್ನಿನೂ ತೋರಿಸಿದ, ವಾಣಿ."

ಗೋಡೆಗೆ ಒರಗಿಸಿ ಕೂಡಿಸಿದ್ದ ಉಜ್ಜಿನಪ್ಪ ಕಾಣಿಸಿದ. ಹಣೆತುಂಬ ವಿಭೂತಿ, ತಲೆಗೆ ಹೊಸ ರುಮಾಲು. ಚಿತ್ರ ಎಲ್ಲೂ ತಡೆಯಲಿಲ್ಲ, ಒಡೆಯಲಿಲ್ಲ.

"ಅಪ್ಪಾ," ವಾಣಿಶ್ರೀ ಕೂಸನ್ನು ಎತ್ತಿ ಫೋನಿನ ಮುಂದೆ ಹಿಡಿದಳು. "ನೋಡಪ್ಪಾ. ದೊಡ್ಡಕ್ಯಾಗ್ಯಾಳ."

ಆ ಕಡೆ ಯಾರೋ ಕೂಗಿದರು. "ಗವಿಸಿದ್ದೇಶ, ಹಿಡಕಾ ಬಾರೋ, ನಿಮ್ಮಪ್ಪಾರು ಒಂದ್ ಕಡಿ ವಾಲ್ತಾರ!" ಅವನು ಗಡಿಬಿಡಿಯಲ್ಲಿ ಫೋನನ್ನು ಹಾಗೇ ಜೇಬಿಗಿಳಿಸಿದ. ಪರದೆ ಕಪ್ಪಾಯಿತು. ಭಜನೆಯ ತಾಳ ಮಾತ್ರ ಕೇಳುತ್ತಿತ್ತು.

"ಕಟ್ ಮಾಡ್ಲಾ?" ಪ್ರವೀಣ ಮೆಲ್ಲಗೆ ಕೇಳಿದ.

ಅಣ್ಣನ ಅಂಗಿಯ ಎಳೆಗಳ ನಡುವಿನಿಂದ ಬೆಳಕು ಚೂರುಚೂರೇ ಬರುತ್ತಿತ್ತು. ವಾಣಿಶ್ರೀ ಅದನ್ನೇ ನೋಡುತ್ತಾ, ಕೂಸನ್ನು ಹಾಗೇ ಎತ್ತಿ ಹಿಡಿದಿದ್ದಳು.