ಬುಂದಿಗೂ ಏಕಾದಶಿ

ಏಕಾದಶಿಯ ದಿನ ಧಾರವಾಡದ ವೆಂಕಣ್ಣನವರು ಮನೆಯ ನಾಯಿಮರಿಗೆ ಬೆಳಗಿನಿಂದ ಏನನ್ನೂ ಹಾಕಲಿಲ್ಲ. ಸಂಜೆ ಅದು ನಡುಗಿ ಬಿದ್ದಾಗ ದನದ ದವಾಖಾನೆಯ ಡಾಕ್ಟರ್ ಗಿರಿಯಪ್ಪನವರನ್ನು ಕರೆಸಿದರು. ಗರಗ ಊರಿನ ದಲಿತ ಕೇರಿಯಿಂದ ಓದಿ ಬಂದ ಬೌದ್ಧರೆಂದು ಅವರನ್ನು ಅಂಗಳದಲ್ಲೇ ನಿಲ್ಲಿಸಿದರು.

ನಾಯಿ ಒಳಗೆ ಗಾದಿಯ ಮೇಲಿತ್ತು.

ಬುಂದಿ ಪುಣೆಯಿಂದ ತಂದ ಪಾಮೇರಿಯನ್ ಮರಿ, ಬೊಗಸೆಯಲ್ಲಿ ಹಿಡಿಯುವಷ್ಟು. ವೆಂಕಣ್ಣನವರ ಮಗಳು ಸುಹಾಸಿನಿ ಅದನ್ನೆತ್ತಿಕೊಂಡು ಅಂಗಳಕ್ಕೆ ಓಡಿಬಂದಳು.

“ಸಕ್ಕರಿ ನೀರು ತರ್ರಿ ಅಕ್ಕಾರ, ಲಗೂನ,” ಎಂದರು ಗಿರಿಯಪ್ಪ.

ಅವಳು ತಂದ ನೀರನ್ನು ಬೆರಳಿನಿಂದ ಮರಿಯ ಒಸಡಿಗೆ ಸವರಿದರು. ಮತ್ತೆ ಸವರಿದರು. ಪುಟ್ಟ ನಾಲಿಗೆ ಹೊರಬಂದು ಬೆರಳು ನೆಕ್ಕಿತು.

“ಉಳೀತು, ಅಪ್ಪಾ, ಉಳೀತು.” ಸುಹಾಸಿನಿ ನಿಂತಲ್ಲೇ ಕುಣಿದಳು.

“ಇವತ್ತ ಇದಕ್ಕೇನ ಹಾಕಿದ್ರಿ?” ಗಿರಿಯಪ್ಪ ಕೇಳಿದರು.

“ಏಕಾದಶಿ ನೋಡ್ರಿ,” ಎಂದರು ವೆಂಕಣ್ಣ. “ನಮ್ಮ ಮನ್ಯಾಗಿದ್ದ ಮ್ಯಾಲೆ ನಮ್ಮ ನೇಮಾನ ಅದಕ್ಕೂ.”

“ನೀವೇನ ತಿಂದ್ರಿ ಕಾಕಾ?”

“ಏನದ ತಿನ್ಲಿಕ್ಕೆ? ಒಂದೀಟು ಸಾಬೂದಾಣಿ ಖಿಚಡಿ. ಬಾಳೆಹಣ್ಣು.”

“ಶೇಂಗಾ ಉಂಡಿ. ಪೇಢಾ,” ಎಂದಳು ಮಗಳು.

“ಹಂಗಾದ್ರ ಖರೇ ಉಪವಾಸ ಮಾಡಿದ್ದು ಈ ನಾಯಿ ಒಂದ ಆತು.”

ಬೇಲಿಯಾಚೆ ಕೋಳಿಗೆ ಕಾಳು ಹಾಕುತ್ತಿದ್ದ ನೆರೆಮನೆಯ ಇಮಾಮಬಿ ಕಿಸಕ್ಕನೆ ನಕ್ಕಳು.

“ಉಳದ ದಿನಾ ಪೇಢಾ ಹಾಕ್ತೇವ್ರಿ, ಪ್ರೀತಿಲೆ,” ವೆಂಕಣ್ಣ ಗೊಣಗಿದರು.

“ಅದೂ ಬ್ಯಾಡ್ರಿ. ಸಣ್ಣ ನಾಯಿ ಹೊಟ್ಟಿ ಸಣ್ಣದು. ಒಮ್ಮೆಲೇ ಬಾಳ ಹಿಡಿಯೂದಿಲ್ಲ, ಖಾಲಿ ಇಟ್ರ ತಡಿಯೂದಿಲ್ಲ. ಮರಿ ಇರೂತನಕಾ ದಿನಕ್ಕ ನಾಕ ಸಲ ಸ್ವಲ್ಪ ಸ್ವಲ್ಪ ಹಾಕ್ರಿ. ಮೆತ್ತಗಿನ ಅನ್ನ, ಕುದಿಸಿದ ತತ್ತಿ, ಎಲುಬು ತಗದ ಮಾಂಸ.”

“ತತ್ತಿ? ನಮ್ಮ ಮನ್ಯಾಗ?”

“ನಿಮಗ ತಿನ್ನಂದಿಲ್ರಿ ಕಾಕಾ.”

“ತತ್ತಿ ನಾ ಕುದಿಸಿ ಕೊಡ್ತೇನಿ ತಗೋರಿ,” ಎಂದಳು ಇಮಾಮಬಿ.

ವಾರದೊಳಗೆ ಬುಂದಿಯ ಕಣ್ಣು ಮಿಂಚತೊಡಗಿತು. “ಅದರದು ಊಟಾ ಆತೇನು?” ಎಂದು ವೆಂಕಣ್ಣನವರೇ ಕೇಳುವಂತಾದರು. ಆದರೆ ಪಂಚಾಂಗ ಗೋಡೆಯ ಮೇಲೇ ಇತ್ತು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಾಯಿಗೆ ನೇಮವಿಲ್ಲ, ಹೊಟ್ಟೆಯಿದೆ. ನಿಮ್ಮ ಪುಣ್ಯಕ್ಕೆ ಅದನ್ನು ಉಪವಾಸ ಕೆಡವಬೇಡಿ. ನಿಮ್ಮ ಮುದ್ದಿಗೆ ಸಿಹಿ ತುರುಕಬೇಡಿ. ಉಪ್ಪು, ಖಾರ, ಉಳ್ಳಾಗಡ್ಡಿ ಬೇಡ. ತಟ್ಟೆಯ ಪಕ್ಕ ಶುದ್ಧ ನೀರಿರಲಿ. ಮರಿ ಮಂಕಾದರೆ ದನದ ದವಾಖಾನೆಗೆ ಓಡಿ. ಬಂದ ಡಾಕ್ಟರರನ್ನು ಒಳಗೆ ಕರೆಯಿರಿ.

ಮುಂದಿನ ಏಕಾದಶಿಗೆ ಗಿರಿಯಪ್ಪ ಮರಿಯನ್ನು ನೋಡಲು ಬಂದರು. ಬುಂದಿ ಅವರ ಕಾಲಿಗೆ ಸುತ್ತಿ ಸುತ್ತಿ ಕುಣಿಯಿತು. ಸುಹಾಸಿನಿಯ ಒಂದು ಕೈಯಲ್ಲಿ ತತ್ತಿ ಕಲಸಿದ ಅನ್ನ, ಇನ್ನೊಂದರಲ್ಲಿ ಚಹಾ.

“ಇವತ್ತೊಂದಿನ ಅದರ ತಾಟು ತಗದಿಡು,” ಎಂದರು ವೆಂಕಣ್ಣ. “ಡಾಕ್ಟರಿಗೆ ಚಹಾ ಹೊರಗೇ ಕೊಡು.”

ಸುಹಾಸಿನಿ ತಾಟನ್ನು ಬುಂದಿಯ ಮುಂದಿಟ್ಟಳು. ಚಹಾವನ್ನು ಪಡಸಾಲೆಯ ಗಾದಿಯ ಪಕ್ಕ ಇಟ್ಟು, ಬಾಗಿಲನ್ನು ಪೂರ್ತಿ ತೆರೆದು ನಿಂತಳು.

“ಎರಡೂ ಆಗೂದಿಲ್ಲ ಅಪ್ಪಾ,” ಎಂದಳು.