ಒಂದೇ ಹೆಸರಿನ ಎಂಟು ಕಾರ್ಡು

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಕಣ್ಣಾಸ್ಪತ್ರೆಯ ನೋಂದಣಿ ಕೋಣೆಯಲ್ಲಿ ಎಂಟು ಕಂಪ್ಯೂಟರ್ ಚಾಲೂ ಮಾಡಿದೆವು. ಒಂದು ಮಾತ್ರ ನೆಟ್‌ವರ್ಕ್ ಹಿಡಿಯಿತು. ಏಳು ಹಿಡಿಯಲಿಲ್ಲ.

ಆ ಕೋಣೆ ನನ್ನ ತಂಗಿಯ ಜವಾಬ್ದಾರಿ. ಅವಳದು ವರ್ಷ ವರ್ಷ ಮುಂದುವರಿಸುವ ಗುತ್ತಿಗೆ ಕೆಲಸ. ಈ ವರ್ಷದ ಕಾಗದ ಮೇಲ್ವಿಚಾರಕರ ಮೇಜಿನ ಮೇಲಿತ್ತು, ಆ ದಿನವೇ ಸಹಿ ಆಗಬೇಕಿತ್ತು. ಎರಡು ವರ್ಷದ ಹಿಂದೆ ಅಲ್ಲಿಯ ಹಳೇ ಕಂಪ್ಯೂಟರುಗಳಿಗೆಲ್ಲ, ಅವನ್ನು ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದವನು ನಾನು. ಮೇಲ್ವಿಚಾರಕರ ಬೆನ್ನು ಬಿದ್ದು ಅದಕ್ಕೆ ಒಪ್ಪಿಸಿದವಳು ಅವಳು. ಹಿಂದಿನ ವಾರ ಸಿಡಿಲು ಬಡಿದು, ಎಂಟರಲ್ಲೂ ನೆಟ್‌ವರ್ಕಿನ ಕೇಬಲ್ ಸಿಕ್ಕಿಸುವ ಜಾಗ ಸುಟ್ಟುಹೋಯಿತು. ಮೇಲ್ವಿಚಾರಕರು ಅವಳನ್ನು ಕರೆದು, ಸೋಮವಾರ ಇವು ನಡೆಯದಿದ್ದರೆ ನಿಮ್ಮ ಲಿನಕ್ಸೂ ಬೇಡ, ನೀವೂ ಬೇಡ ಎಂದಿದ್ದರು.

ಉಳಿದದ್ದೆಲ್ಲ ಚೆನ್ನಾಗಿಯೇ ಇತ್ತು. ಬೇರೆ ನೆಟ್‌ವರ್ಕ್ ಕಾರ್ಡ್ ಹಾಕಿದರೆ ಮುಗಿಯಿತು. ಆದರೆ ಲಿನಕ್ಸ್‌ಗೆ ಕಾರ್ಡ್ ಆರಿಸುವುದು ಡಬ್ಬದ ಮೇಲಿನ ಹೆಸರು ನೋಡಿ ಆರಿಸುವ ಕೆಲಸವಲ್ಲ. ಒಳಗಿನ ಚಿಪ್ ಯಾವುದು, ಅದನ್ನು ನಡೆಸುವ ಡ್ರೈವರ್ ಲಿನಕ್ಸ್‌ನಲ್ಲಿ ಮೊದಲೇ ಇದೆಯೇ ಎಂದು ನೋಡಬೇಕು. ಇಪ್ಪತ್ತು ವರ್ಷದಿಂದ ಇದನ್ನು ಕಂಡಕಂಡವರಿಗೆಲ್ಲ ಹೇಳಿ ತಲೆ ತಿಂದವನು ನಾನು. ಗುರುವಾರ ಒಂದು ಕಾರ್ಡ್ ತಂದು ಹಾಕಿ ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯಿತು. ಶುಕ್ರವಾರ ಅದೇ ಅಂಗಡಿಯಿಂದ ಅದೇ ಹೆಸರಿನವು ಏಳು ತಂದು ತಂಗಿಯ ಕೈಗೆ ಕೊಟ್ಟೆ. ಶನಿವಾರ ಎಲ್ಲವನ್ನೂ ಕೂರಿಸಿ ಸ್ಕ್ರೂ ಬಿಗಿದೆ. ವೈರಿಂಗ್ ರಿಪೇರಿ ನಡೆಯುತ್ತಿದ್ದರಿಂದ ಅವತ್ತು ಅಲ್ಲಿ ಕರೆಂಟ್ ಇರಲಿಲ್ಲ. ಭಾನುವಾರ ಬಂದು ಪರೀಕ್ಷೆ ಮಾಡಬಹುದಿತ್ತು. ಬರಲಿಲ್ಲ. ಒಂದು ನಡೆದ ಮೇಲೆ ಉಳಿದವಕ್ಕೇನು ರೋಗ ಅಂದುಕೊಂಡು ಮನೆಯಲ್ಲಿ ಮಲಗಿದ್ದೆ.

ಈಗ ಏಳರಲ್ಲಿ ಒಂದನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಚಿಪ್ ಬೇರೆ. ಕಂಪನಿಯವರು ಹೊರಗಿನ ಹೆಸರು ಹಾಗೇ ಇಟ್ಟು ಒಳಗಿನ ಚಿಪ್ ಬದಲಾಯಿಸಿದ್ದರು. ಈ ಹೊಸ ಚಿಪ್ಪಿನ ಡ್ರೈವರ್ ನಮ್ಮ ಹಳೇ ಲಿನಕ್ಸಿನಲ್ಲಿ ಇರಲಿಲ್ಲ, ಇದು ನಡೆಯಬೇಕಾದರೆ ಲಿನಕ್ಸನ್ನೇ ಹೊಸದಾಗಿ ಹಾಕಬೇಕು. ಅದು ಎರಡು ದಿನದ ಕೆಲಸ. ಕಿಟಕಿಯ ಆಚೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು, ಅವರ ಕೈ ಹಿಡಿದು ಬಂದವರು ಆಗಲೇ ಬಾಗಿಲಿನವರೆಗೆ ಸಾಲು ನಿಂತಿದ್ದರು. ತಂಗಿ ಕಾಗದದ ಚೀಟಿಯಲ್ಲಿ ಹೆಸರು ಬರೆಯತೊಡಗಿದ್ದಳು.

ನಾನು ಅಂಗಡಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, ಡಬ್ಬದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಎರಡನೇ ಆವೃತ್ತಿ ಅಂತ ಅಚ್ಚಾಗಿದೆ, ನೋಡಿ ಎಂದ.

"ಓದೋದು ನಿಮ್ಮ ಕೆಲಸ ಸ್ವಾಮಿ. ಬೈಸ್ಕೊಳ್ಳೋದು ನನ್ನ ಕೆಲಸಾನಾ?"

ಫೋನ್ ಇಟ್ಟೆ. ಖಾಲಿ ಡಬ್ಬ ಎಲ್ಲಿ ಎಂದು ತಂಗಿಯನ್ನು ಕೇಳಿದೆ. ಅವಳು ಬರೆಯುವುದನ್ನು ನಿಲ್ಲಿಸದೆ ಕಪಾಟು ತೋರಿಸಿದಳು. ಡಬ್ಬಗಳು ಎರಡು ಗುಂಪಾಗಿದ್ದವು. ಈ ಕಡೆ ಒಂದು, ಆ ಕಡೆ ಏಳು.

"ಇವನ್ನ ಬೇರೆ ಬೇರೆ ಇಟ್ಟಿದ್ದು ಯಾರು?"

"ನಾನೇ. ಶುಕ್ರವಾರಾನೇ ನೋಡಿದ್ದೆ, ಅಡಿಯಲ್ಲಿ ಬರೆದಿದ್ದು ಬೇರೆ ಇತ್ತು."

"ನೋಡಿದವಳು ಹೇಳೋಕೇನಾಗಿತ್ತು?"

ಆಗ ಅವಳು ಪೆನ್ನು ಕೆಳಗಿಟ್ಟಳು.

"ಹೋದ ವರ್ಷ ಕೇಬಲ್ ತಿರುಗಮುರುಗ ಹಾಕಿದೀಯೇನೋ ಅಂತ ಕೇಳಿದ್ದಕ್ಕೆ, ಹೀಗೇ ಜನರ ಮುಂದೆ ಏನಂದೆ ಅಣ್ಣ? ನಿಂಗೊತ್ತಿದ್ರೆ ನೀನೇ ಮಾಡ್ಕೊ, ನನ್ಯಾಕೆ ಕರೀತೀಯ ಅಂದೆ. ಆಮೇಲೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟೆ. ಅದಕ್ಕೇ ಈ ಸಲ, ನಿನಗೆ ತಿಳಿಯದ್ದು ನನಗೇನು ತಿಳಿಯುತ್ತೆ ಅಂತ ನಾನು ಸುಮ್ಮನಾದೆ."

ಅವತ್ತು ಕೇಬಲ್ ನಿಜವಾಗಿಯೂ ತಿರುಗಮುರುಗ ಆಗಿತ್ತು. ಅದನ್ನು ಅವಳಿಗೆ ಕಾಣದಂತೆ ಸರಿಮಾಡಿದ್ದೆ. ಈಗಲೂ ಹೇಳಲಿಲ್ಲ.

ಒಂಬತ್ತೂವರೆಗೆ ಮೇಲ್ವಿಚಾರಕರು ಬಂದರು. ಸಾಲು ನೋಡಿದರು, ಚೀಟಿಗಳನ್ನು ನೋಡಿದರು, ಯಾರು ಇದನ್ನು ಪರೀಕ್ಷೆ ಮಾಡಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಂಗಿ, ನಾನೇ ಸರ್, ನನ್ನ ಕಣ್ತಪ್ಪು ಎಂದಳು. ಅವರು ತಲೆಯಾಡಿಸಿ ಒಳಗೆ ಹೋದರು.

ನಾನು ಅವರ ಹಿಂದೆಯೇ ಹೋದೆ. ಅವರು ಕೂರಿ ಎನ್ನಲಿಲ್ಲ, ನಾನು ಕೂರಲೂ ಇಲ್ಲ. ಒಂದನ್ನು ನೋಡಿ ಎಂಟಕ್ಕೆ ಮಾತು ಕೊಟ್ಟವನು ನಾನು, ಅವಳು ಕಂಡುಹಿಡಿದಿದ್ದಳು, ನನ್ನ ಬಾಯಿಗೆ ಹೆದರಿ ಹೇಳಲಿಲ್ಲ ಎಂದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, ಮನೆಯವರಿಗೆ ಹೆದರಿ ಕೆಲಸ ಕೆಡಿಸುವವರನ್ನು ಇಟ್ಟುಕೊಳ್ಳುವುದೂ ಕಷ್ಟವೇ ಎಂದರು. ನನಗೆ ಮೈಯೆಲ್ಲ ಉರಿಯಿತು. ಮೇಜಿನ ಅಂಚು ಹಿಡಿದುಕೊಂಡು ನಿಂತೆ. ಅವರು ಕಾಗದದಲ್ಲಿ ಒಂದು ವರ್ಷ ಎಂದಿದ್ದುದನ್ನು ಹೊಡೆದುಹಾಕಿ ಮೂರು ತಿಂಗಳು ಎಂದು ಬರೆದು ಸಹಿ ಮಾಡಿದರು.

ಅಲ್ಲಿಂದ ಸೀದಾ ಅಂಗಡಿಗೆ ಹೋದೆ. ಬೈದದ್ದು ತಪ್ಪಾಯಿತು ಎಂದೆ. ಅಂಗಡಿಯವನು ಒಳಗಿನ ಹಲಗೆಯಿಂದ ಡಬ್ಬಗಳ ರಾಶಿಯನ್ನೇ ತಂದು ಮುಂದಿಟ್ಟ. ಒಂದೊಂದರ ಅಡಿಯನ್ನೂ ಓದಿದೆ. ಹಳೇ ಆವೃತ್ತಿಯವು ಮೂರು ಸಿಕ್ಕವು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಂಪ್ಯೂಟರ್ ನಡೆದವು, ಸಾಲು ಅರ್ಧಕ್ಕಿಳಿಯಿತು. ಉಳಿದ ನಾಲ್ಕಕ್ಕೆ ಲಿನಕ್ಸ್ ಹೊಸದಾಗಿ ಹಾಕಲು ಕೂತೆ.

ಐದನೆಯ ಕಂಪ್ಯೂಟರಿಗೆ ಹಾಕುತ್ತಿದ್ದಾಗ ತಂಗಿ ಬಂದು ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದೆ ನಿಂತಳು. ಆಮೇಲೆ ಮೆಲ್ಲಗೆ, "ಅಣ್ಣ, ಹಳೇ ರೋಗಿಗಳ ಪಟ್ಟಿ ಇದರಲ್ಲೇ ಇತ್ತು. ತೆಗೆದಿಟ್ಕೊಂಡಿದೀಯಾ?" ಎಂದಳು.

ತೆಗೆದಿಟ್ಟುಕೊಂಡಿದ್ದೆ. ಅಷ್ಟೂ ಗೊತ್ತಾಗಲ್ವಾ ನನಗೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ಹೂಂ, ಬಾ ತೋರಿಸ್ತೀನಿ ಎಂದೆ. ಅವಳು ಪರದೆಯ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಆ ಒಂದು ಹೆಜ್ಜೆ ಹಿಂದೆಯೇ ನಿಂತಿದ್ದಳು.